ಸೊಸೆಕಲ್ಲು ಸಿದ್ಧಾಂತ: ಹಾಸನ ಸೀಮೆಯ ತೂಕಸ್ತಂಭನ ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಪೀಠಿಕೆ

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ಯಾರ ತೂಕದ ಪ್ರಸ್ತಾಪವೂ ಇಲ್ಲ. ಸುಮಾರು ಕ್ರಿ.ಶ. 450ರದೆಂದು ಹೇಳುವ ಆ ಕಲ್ಲಿನಲ್ಲಿ ಕದಂಬರಿದ್ದಾರೆ, ಕಾಳಗವಿದೆ, ವೀರನಿಗೆ ಕೊಟ್ಟ ಊರುಗಳಿವೆ, ದತ್ತಿ ಕೆಡಿಸಿದವನಿಗೆ ಮಹಾಪಾತಕದ ಎಚ್ಚರಿಕೆಯೂ ಇದೆ. ಆದರೆ ಆ ವೀರ ಎಷ್ಟು ಭಾರವಿದ್ದ, ಪಥ್ಯದಲ್ಲಿದ್ದನೇ, ಎಷ್ಟು ವಾರದಿಂದ ಅವನ ತಕ್ಕಡಿ ಅಲುಗಿರಲಿಲ್ಲ ಎಂಬುದರ ಬಗ್ಗೆ ಒಂದಕ್ಷರವಿಲ್ಲ. ಇದರಿಂದ ಎರಡು ಊಹೆ ಹೊರಡುತ್ತವೆ. ಆ ಕಾಲಕ್ಕೆ ಈ ಸೀಮೆಯಲ್ಲಿ ಯಾರೂ ದಪ್ಪಗಿರಲಿಲ್ಲ. ಅಥವಾ ಇದ್ದರು, ನೆಂಟರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಸನದ ಮದುವೆಮನೆಗಳನ್ನು ಕಂಡ ಯಾವ ಸಂಶೋಧಕನೂ ಎರಡನೆಯದನ್ನು ಒಪ್ಪುವುದಿಲ್ಲ.

ಪ್ರಸ್ತುತ ಪ್ರಬಂಧದ ವಿಷಯ ತೂಕಸ್ತಂಭನ. ಪಥ್ಯ ಹಿಡಿದ ಮೊದಲ ಎರಡು ಮೂರು ವಾರ ದಡದಡನೆ ಇಳಿದ ತೂಕ ಆಮೇಲೆ ಮೊಂಡುಹಿಡಿದು ಕೂರುತ್ತದೆ. ಅನ್ನ ಬಿಟ್ಟಾಯಿತು, ಕಾಫಿಗೆ ಸಕ್ಕರೆ ಬಿಟ್ಟಾಯಿತು, ಒಂದೂವರೆ ಮುದ್ದೆ ಅರ್ಧಕ್ಕೆ ಬಂದಾಯಿತು. ತೂಕದ ಮಿಷನ್ನು ಮಾತ್ರ ದಿನವೂ ಅದೇ ಅಂಕಿಯನ್ನು ಮುಖಕ್ಕೆ ಹಿಡಿಯುತ್ತದೆ. ಇದಕ್ಕೆ ಜನರಾಡುವ ಮಾತು: “ಯಾಕೋ ನಿಂತ್ಬಿಟ್ಟೈತೆ ಕಣಕ್ಕ.”

ಅಧ್ಯಯನದ ವ್ಯಾಪ್ತಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಈ ನಾಲ್ಕನ್ನೇ ಆರಿಸಿದ್ದಕ್ಕೆ ಘನವಾದ ಕಾರಣವಿದೆ. ಇವುಗಳಲ್ಲಿ ಒಂದೂರಿನಲ್ಲಿ ಪಥ್ಯ ಮಾಡುವವರಿಗೆ ಉಳಿದ ಮೂರೂರಲ್ಲಿ ನೆಂಟರಿರುತ್ತಾರೆ, ಬಸ್ಸೂ ಸಿಗುತ್ತದೆ.

ಪೂರ್ವಸೂರಿಗಳು

ಈ ಶಾಸ್ತ್ರದ ಆದಿಗುರು ಇಟಲಿಯ ಸಂತೋರಿಯೊ. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು, ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ತೂಗುತ್ತ, ಸುಮಾರು ಮೂವತ್ತು ವರ್ಷ ಕಳೆದು, 1614ರಲ್ಲಿ ಫಲಿತಾಂಶವನ್ನು ಪುಸ್ತಕ ಮಾಡಿದ ಪುಣ್ಯಾತ್ಮ. ವಿಶ್ವವಿದ್ಯಾಲಯಗಳಲ್ಲಿ ಪೀಠ ಸ್ಥಾಪಿಸುವ ಪದ್ಧತಿ ಈತನ ಕುರ್ಚಿಯಿಂದಲೇ ಹುಟ್ಟಿತೆಂದು ನನ್ನ ಗುಮಾನಿ. ಒಳಗೆ ಹೋದದ್ದಕ್ಕೂ ಕಣ್ಣಿಗೆ ಕಾಣುವಂತೆ ಹೊರಗೆ ಬಂದದ್ದಕ್ಕೂ ತಾಳೆಯಾಗುವುದಿಲ್ಲ, ಬಹುಪಾಲು ಕಾಣದ ಬೆವರಾಗಿ ಹೋಗುತ್ತದೆ ಎಂದು ಆತ ಕಂಡುಕೊಂಡ. ಮೂವತ್ತು ವರ್ಷ ಮಿಷನ್ನಿನ ಮೇಲೆ ಕೂತವನು ಒಮ್ಮೆಯೂ ಅದನ್ನು ಒದೆಯಲಿಲ್ಲವೆಂಬುದನ್ನು ವಿದ್ವಾಂಸರು ಗಮನಿಸಿದಂತಿಲ್ಲ.

ಚರಕನೂ ಬೇಕು. ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಎಂಟು ಬಗೆಯ ನಿಂದಿತರನ್ನು ಹೆಸರಿಸುವಾಗ ಅತಿ ಉದ್ದದವನು, ಅತಿ ಗಿಡ್ಡನು ಇವರ ಜೊತೆಗೆ ಅತಿಸ್ಥೂಲನನ್ನೂ ಕೂರಿಸಿದ್ದಾನೆ. ದಪ್ಪಗಿದ್ದವರಿಗೆ ಅವನು ಹೇಳುವುದು ಹೊಟ್ಟೆಗೆ ಭಾರವಾಗಿರುವ, ಮೈಗೆ ಹಿಡಿಯದ ಆಹಾರ. ಆ ಪಟ್ಟಿಯಲ್ಲಿ ನವಣೆಯಿದೆ, ಹೆಸರಿದೆ, ಹುರುಳಿಯೂ ಇದೆ. ಹುರುಳಿ ಇದ್ದಮೇಲೆ ಹುರುಳಿಸಾರು ಉಂಟು, ಹುರುಳಿಸಾರು ಇದ್ದಮೇಲೆ ಮುದ್ದೆ ಉಂಟು, ಆದ್ದರಿಂದ ಚರಕ ಹೊಳೆನರಸೀಪುರಕ್ಕೆ ಬಂದೇ ಇದ್ದ. ಪಾಂಡವರು ಹಾಯ್ದುಹೋದ ಊರುಗಳನ್ನು ಇದಕ್ಕಿಂತ ಕಡಿಮೆ ಆಧಾರದ ಮೇಲೆ ಗುರುತಿಸಿದ ಉದಾಹರಣೆಗಳಿವೆ.

ಮೂರನೆಯವರು ಆನ್ಸೆಲ್ ಕೀಸ್. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ 36 ಯುವಕರನ್ನಿಟ್ಟುಕೊಂಡು, 24 ವಾರ ಅರೆಹೊಟ್ಟೆಯಲ್ಲಿ ಇರಿಸಿ ಪರೀಕ್ಷಿಸಿದವರು. ಆ ಹುಡುಗರ ತೂಕ ಕಾಲುಭಾಗದಷ್ಟು ಇಳಿಯಿತು, ಆದರೆ ಇಳಿಕೆಯ ಗೆರೆ ಬರಬರುತ್ತ ಚಪ್ಪಟೆಯಾಯಿತು. ಮೈ ಸೊರಗಿದರೂ ಕಾಲುಗಳಲ್ಲಿ ನೀರು ತುಂಬಿಕೊಂಡಿತು. ಕೆಲವರು ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ರಾತ್ರಿ ಒಂದು ಬಟ್ಟಲು ಸೌತೆಕಾಯಿ ತಿಂದು, ಮಲಗಿಕೊಂಡು, ಫೋನಿನಲ್ಲಿ ನಾಟಿಕೋಳಿ ಸಾರಿನ ವಿಡಿಯೊ ನೋಡುವ ನಮ್ಮ ಕಾಲದ ಪಥ್ಯಸ್ಥರು ತಮ್ಮದು ಹೊಸ ಕಾಯಿಲೆ ಎಂದು ಹೆದರಬೇಕಾಗಿಲ್ಲ.

ಜಲಪ್ರಕರಣ

ತೂಕಸ್ತಂಭನವನ್ನು ಅರಿಯಲು ಹಾಸನದವರು ಮಿನೆಸೋಟಕ್ಕೆ ಹೋಗುವ ಅಗತ್ಯವೇ ಇಲ್ಲ, ಗೊರೂರು ಸಾಕು. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಮಳೆಗಾಲದಲ್ಲಿ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು ಎಂದು ಪತ್ರಿಕೆ ಹಾಕುವ ಅಂಕಿಗಳನ್ನು ಕಾಫಿಯ ಜೊತೆ ಓದಿ ಬೆಳೆದ ಜನ ನಾವು. ಒಳಹರಿವು ತಗ್ಗಿಸಿದರೆ ಮಟ್ಟ ಇಳಿಯುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತು. ಪಥ್ಯ ಎಂದರೂ ಅಷ್ಟೇ ಎಂದುಕೊಳ್ಳುತ್ತಾರೆ. ಮರೆತುಬಿಡುವ ಮಾತು ಇನ್ನೊಂದಿದೆ: ಮಟ್ಟ ಇಳಿದಂತೆ ತೂಬಿನಿಂದ ಹೊರಬೀಳುವ ನೀರಿನ ರಭಸವೂ ಇಳಿಯುತ್ತದೆ. ಇಳಿದು ಇಳಿದು ಒಂದು ದಿನ ಹೊರಹರಿವು ಒಳಹರಿವಿಗೆ ಸಮನಾಗುತ್ತದೆ. ಅಂದಿನಿಂದ ಮಟ್ಟ ನಿಂತಿತು. ಯಾರೂ ಮೋಸ ಮಾಡಿಲ್ಲ, ಅಣೆಕಟ್ಟು ಕೆಟ್ಟಿಲ್ಲ.

ಮೈಯಲ್ಲೂ ಹೀಗೆಯೇ. ಹತ್ತು ಕಿಲೋ ಇಳಿದವನ ಮೈ ಮೊದಲಿಗಿಂತ ದಿನಕ್ಕೆ ಇನ್ನೂರು ಚಿಲ್ಲರೆ ಕ್ಯಾಲೊರಿ ಕಡಿಮೆ ಬೇಡುತ್ತದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇರುವುದರಿಂದ, ಇದು ಮುಕ್ಕಾಲು ಮುದ್ದೆಯ ಬಾಬ್ತು. ಪಥ್ಯದ ಮೊದಲ ತಿಂಗಳಲ್ಲಿ ಉಳಿತಾಯವಾಗಿದ್ದ ಮುದ್ದೆ ಆರನೆಯ ತಿಂಗಳಲ್ಲಿ ದೈನಂದಿನ ಖರ್ಚಿಗೇ ಸರಿಹೋಗಿರುತ್ತದೆ. ಸಾಲದ್ದಕ್ಕೆ ಮೈ ತಾನೇ ಒಂದಿಷ್ಟು ತೂಬನ್ನು ಮುಚ್ಚಿಕೊಳ್ಳುತ್ತದೆ. ಡಯಟಿಷಿಯನ್ನರು ಕಾವೇರಿ ನ್ಯಾಯಾಧಿಕರಣದಂತೆ ಇಷ್ಟು ಬಿಡು ಎಂದು ಆದೇಶ ಹೊರಡಿಸುತ್ತಾರೆ. ಮೈ ಮೇಲ್ದಂಡೆಯ ರಾಜ್ಯದಂತೆ ನಮಗೇ ಸಾಲದು ಎಂದು ಮೇಲ್ಮನವಿ ಹಾಕುತ್ತದೆ. ಇಂಥ ವ್ಯಾಜ್ಯ ಎಷ್ಟು ವರ್ಷ ಹಿಡಿಯುತ್ತದೆಂದು ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ನೀರಿನ ಕಿತಾಪತಿಯನ್ನೂ ಹೇಳಬೇಕು. ಮೊದಲ ವಾರ ಬಿದ್ದ ತೂಕದಲ್ಲಿ ಕೊಬ್ಬಿಗಿಂತ ನೀರಿನ ಪಾಲೇ ದೊಡ್ಡದು. ಮೈಯಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಪಿಷ್ಟ ಸುಮಾರು ಮೂರು ಗ್ರಾಂ ನೀರನ್ನು ಕಟ್ಟಿಕೊಂಡಿರುತ್ತದೆ. ಪಿಷ್ಟ ಖಾಲಿಯಾದರೆ ನೀರೂ ಹೊರಟಿತು. ಆ ವಾರ ಊರೆಲ್ಲ ಸಾರಿಕೊಂಡವರು ಆಮೇಲೆ ಪಶ್ಚಾತ್ತಾಪಪಡುತ್ತಾರೆ. ಇದಕ್ಕೆ ಉಲ್ಟಾ ಉಪ್ಪುಸಾರಿನ ಆಟ. ಸಂಜೆ ಉಪ್ಪುಸಾರು ಖಾರ ಬಾಯಿಗೆ ಹಿತವೆನಿಸಿ ಎರಡು ಸಲ ಬಡಿಸಿಕೊಂಡರೆ ಉಪ್ಪು ನೀರನ್ನು ಹಿಡಿದಿಡುತ್ತದೆ, ಬೆಳಗ್ಗೆ ಮಿಷನ್ನು ಒಂದು ಕಿಲೋ ಜಾಸ್ತಿ ತೋರಿಸುತ್ತದೆ. ಒಂದು ಕಿಲೋ ಕೊಬ್ಬು ಬೆಳೆಯಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ಒಳಗಿಳಿಯಬೇಕು. ಅಷ್ಟು ಉಪ್ಪುಸಾರನ್ನು ಒಂದು ಸಂಜೆಗೆ ಕುಡಿದವರ ದಾಖಲೆ ಈ ಸೀಮೆಯಲ್ಲಿ ಸಿಕ್ಕಿಲ್ಲ. ಕೊಬ್ಬು ಇಳಿಯುತ್ತಲೇ ಇರಬಹುದು, ಅದರ ಮೇಲೆ ನೀರು ಹೊದಿಕೆ ಎಳೆದುಕೊಂಡಿರುತ್ತದೆ. ಜಲಾಶಯ ಬತ್ತಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ನೀರಿನಿಂದ ಮೇಲೇಳುವುದನ್ನು ನೋಡಲು ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಕುತ್ತಿಗೆಯ ಕೆಳಗಿನ ಮೂಳೆ ಮೇಲೇಳುವುದನ್ನು ನೋಡಲು ಅಷ್ಟು ಜನ ಬರುವುದಿಲ್ಲ, ಕನ್ನಡಿ ಒಂದಿದ್ದರೆ ಸಾಕು.

ಅರಕಲಗೂಡಿನ ತಕರಾರು

ಆಲೂಗಡ್ಡೆಯನ್ನು ಪಥ್ಯದ ಪಟ್ಟಿಯಿಂದ ಹೊರಹಾಕಿದ್ದಕ್ಕೆ ಅರಕಲಗೂಡು ಪಂಥದ ಆಕ್ಷೇಪವಿದೆ. ಜಲಂಧರದಿಂದ ಬಿತ್ತನೆಗಡ್ಡೆ ತರಿಸಿ, ಮುಂಗಾರಿಗೆ ನೆಟ್ಟು, ಅಂಗಮಾರಿಗೆ ಹೆದರಿ, ಮಂಡಿಯ ದರಕ್ಕೆ ಇನ್ನಷ್ಟು ಹೆದರಿ ಬೆಳೆದವರ ನೋವು ಅದು. ಶಾಸ್ತ್ರ ಅವರ ಕಡೆಗಿದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 38 ತಿನಿಸುಗಳಲ್ಲಿ ಯಾವುದು ಹೆಚ್ಚು ಹೊಟ್ಟೆ ತುಂಬಿಸುತ್ತದೆಂದು ಪರೀಕ್ಷಿಸಿದಾಗ ಬರಿದೇ ಬೇಯಿಸಿದ ಆಲೂಗಡ್ಡೆ ಎಲ್ಲವನ್ನೂ ಹಿಂದೆ ಹಾಕಿತು. ಬೋಂಡದ ಬಗ್ಗೆ ಆ ವರದಿ ಏನೂ ಹೇಳುವುದಿಲ್ಲ. ಪಂಥದವರು ಆ ಮೌನವನ್ನು ಸಮ್ಮತಿಯೆಂದು ವ್ಯಾಖ್ಯಾನಿಸುತ್ತಾರೆ.

ಬೆಟ್ಟದ ಲೆಕ್ಕ

ಚನ್ನರಾಯಪಟ್ಟಣದವರು ವ್ಯಾಯಾಮವಾದಿಗಳು, ತಾಲ್ಲೂಕಿನಲ್ಲೇ ಶ್ರವಣಬೆಳಗೊಳವಿರುವಾಗ ಜಿಮ್ಮಿಗೇಕೆ ದುಡ್ಡು ಎನ್ನುತ್ತಾರೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಊರಿನಿಂದ 470 ಅಡಿ ಎತ್ತರ. ಎಂಬತ್ತು ಕಿಲೋದ ಭಕ್ತನೊಬ್ಬನನ್ನು ಅಷ್ಟು ಮೇಲಕ್ಕೆತ್ತಲು ಬೇಕಾಗುವ ಶಕ್ತಿ 27 ಕ್ಯಾಲೊರಿ. ಮೈ ಎಂಬ ಯಂತ್ರ ನಾಲ್ಕು ಸುಟ್ಟರೆ ಒಂದನ್ನು ದುಡಿಮೆಗೆ ಕೊಡುವುದರಿಂದ ನೂರಹತ್ತು ಎಂದಿಟ್ಟುಕೊಳ್ಳೋಣ. ಅಂದರೆ ಮುದ್ದೆಯ ಮೂರನೇ ಒಂದು ಪಾಲು. ಕೆಳಗಿಳಿದು ಕುಡಿದ ಎಳನೀರು, ಬೆಟ್ಟ ಹತ್ತಿದವರಿಗೆ ದೋಷವಿಲ್ಲವೆಂದು ತಿಂದ ಚುರುಮುರಿ, ಇಷ್ಟಕ್ಕೆ ಖಾತೆ ಚುಕ್ತಾ. ಮೇಲೆ 981ರಿಂದ ನಿಂತಿರುವ 58 ಅಡಿಯ ಗೊಮ್ಮಟನೆದುರು, ವರ್ಷವಿಡೀ ನಿರಾಹಾರನಾಗಿ ನಿಂತಲ್ಲೇ ನಿಂತು ತೊಡೆ ತೋಳಿಗೆ ಬಳ್ಳಿ ಹಬ್ಬಿಸಿಕೊಂಡವನೆದುರು, ಎರಡು ವಾರದಿಂದ ನಾನೂರು ಗ್ರಾಂ ಇಳಿದಿಲ್ಲವೆಂದು ಗೊಣಗಲು ಯಾರಿಗೂ ಬಾಯಿ ಬರುವುದಿಲ್ಲ. ಬೆಟ್ಟ ಇಳಿದ ಮೇಲೆ ಬರುತ್ತದೆ.

ಸಿದ್ಧಾಂತ

ಇನ್ನು ಮುಖ್ಯ ವಿಷಯ. ಹಾಸನಾಂಬೆಯ ಗುಡಿಯಲ್ಲಿ ಸೊಸೆಕಲ್ಲು ಎಂಬುದೊಂದಿದೆ. ಅತ್ತೆಯ ಕಾಟ ತಾಳಲಾರದೆ ದೇವಿಯ ಮೊರೆಹೊಕ್ಕ ಸೊಸೆ ಕಲ್ಲಾದಳೆಂದು ಕಥೆ. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ತಾಳ್ಮೆಗೆ ಜಗತ್ತಿನಲ್ಲಿ ಬೇರೆ ಯಾವ ಊರೂ ಇಷ್ಟು ಖಚಿತವಾದ ಮಾನ ನಿಗದಿ ಮಾಡಿಲ್ಲ. ಆ ಮಾನವೂ ಪಥ್ಯದಲ್ಲಿ ನಿಷಿದ್ಧವಾದ ಅಕ್ಕಿಯೇ ಆಗಿರುವುದು ದೈವದ ಚೇಷ್ಟೆ ಇರಬೇಕು.

ಮನೆಯ ಡಿಜಿಟಲ್ ಮಿಷನ್ನು ಕಾಣಬಲ್ಲ ಅತಿ ಚಿಕ್ಕ ವ್ಯತ್ಯಾಸ ನೂರು ಗ್ರಾಂ, ಅಂದರೆ ಸುಮಾರು ಐದು ಸಾವಿರ ಅಕ್ಕಿಕಾಳು. ಒಂದು ಲೋಟ ನೀರು ಅದರ ಎರಡರಷ್ಟು ತೂಗುತ್ತದೆ. ಕಾಳಿನ ಲೆಕ್ಕದಲ್ಲಿ ನಡೆಯುವುದನ್ನು ಲೋಟದ ಲೆಕ್ಕದಲ್ಲಿ ಅಳೆದು, ಅದನ್ನೂ ದಿನಕ್ಕೆರಡು ಬಾರಿ ಅಳೆದು, ಕಲ್ಲು ಸರಿದಿಲ್ಲ ಎಂದು ಅಳುವುದು ಅಶಾಸ್ತ್ರೀಯ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆದು, ದೀಪಾವಳಿ ಕಳೆದೊಡನೆ ಮುಚ್ಚಿ, ವರ್ಷದ ಮಿಕ್ಕ ದಿನ ಯಾರಿಗೂ ಮುಖ ತೋರಿಸದ ದೇವತೆಯ ಊರಿನವರು ತೂಕದ ದರ್ಶನಕ್ಕೆ ಮಾತ್ರ ನಿತ್ಯ ಸರದಿ ನಿಲ್ಲುವುದೇಕೆ? ತಿಂಗಳಿಗೆರಡು ದರ್ಶನ ಸಾಕು. ಅದೇ ದಿನ, ಅದೇ ಹೊತ್ತು, ಬೆಳಗಿನ ಶೌಚದ ನಂತರ, ಕಾಫಿಗೆ ಮುಂಚೆ. ಎರಡು ತಿಂಗಳಾದರೂ ಅಂಕಿ, ಉಡುಪು ಎರಡೂ ಅಲುಗದಿದ್ದರೆ ಆಗ ಒಳಹರಿವಿನ ಕಡತ ತೆಗೆಯಬೇಕು.

ಪ್ರಕ್ಷಿಪ್ತ ತುತ್ತುಗಳು

ಆ ಕಡತ ತೆಗೆದರೆ ಗ್ರಂಥಸಂಪಾದಕರಿಗೆ ಪರಿಚಿತವಾದ ತೊಂದರೆಯೇ ಎದುರಾಗುತ್ತದೆ: ಮೂಲ ಪಾಠದಲ್ಲಿ ಇಲ್ಲದ್ದು ನಡುವೆ ಸೇರಿಕೊಂಡಿರುತ್ತದೆ. ಏನು ಮಾಡಿದರೂ ತೂಕ ಇಳಿಯುತ್ತಿಲ್ಲ ಎಂದವರನ್ನು 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿದರು. ಅವರ ಮೈಯಲ್ಲಿ ದೋಷವಿರಲಿಲ್ಲ. ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲೆಕ್ಕಕ್ಕೇ ಬಂದಿರಲಿಲ್ಲ. ಅವರು ಸುಳ್ಳರಲ್ಲ. ಪಲ್ಯಕ್ಕೆ ಉಪ್ಪು ಸರಿಯಿದೆಯೇ ಎಂದು ಬಾಯಿಗಿಟ್ಟದ್ದನ್ನು, ಮಗು ಬಿಟ್ಟ ದೋಸೆಯ ಅಂಚನ್ನು, ಪ್ರಸಾದವನ್ನು ಯಾರು ಬರೆದಿಡುತ್ತಾರೆ? ನಮ್ಮಲ್ಲಿ ಯುಗಾದಿಯ ಒಬ್ಬಟ್ಟಿಗೆ ಮಾರನೆಯ ದಿನದ ವರ್ಷತೊಡಕು ಕೂಡುತ್ತದೆ, ಪಕ್ಷದಲ್ಲಿ ಹಿರಿಯರ ಹೆಸರಲ್ಲಿ ಎಡೆ, ಮಾಗಿಯಲ್ಲಿ ಹಿತಕಿದ ಬೇಳೆ. ಹಿರಿಯರ ಎಡೆಯ ವಡೆ ನಿರಾಕರಿಸಿ ತೂಕ ಇಳಿಸಿಕೊಂಡವನನ್ನು ಹಿರಿಯರು ಒಂದು ವೇಳೆ ಕ್ಷಮಿಸಿಯಾರು, ದೊಡ್ಡಮ್ಮ ಕ್ಷಮಿಸುವುದಿಲ್ಲ.

ಪ್ರಯೋಗ

ಮಿಷನ್ನು ಅಲುಗದ ದಿನಗಳಲ್ಲಿ ಮೈ ನಿಜಕ್ಕೂ ಏನು ಮಾಡುತ್ತಿದೆ ಎಂದು ಹೇಳಬಲ್ಲ ಏಕೈಕ ಅಧಿಕೃತ ವಿದ್ವಾಂಸ ಟೇಲರ್. ಅವನ ಬಳಿ ತಕ್ಕಡಿಯಿಲ್ಲ, ಟೇಪಿದೆ. ನೀರು ಕೊಬ್ಬುಗಳ ತಾತ್ವಿಕ ಭೇದ ಅವನಿಗೆ ಬೇಕಿಲ್ಲ. ಹೊಳೆನರಸೀಪುರದ ಪೇಟೆಯಲ್ಲಿ, ತಿಂಗಳಿಂದ ಒಂದು ಗ್ರಾಮೂ ಇಳಿದಿಲ್ಲವೆಂದು ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ಹೆಂಗಸೊಬ್ಬಳ ರವಿಕೆಯ ಅಳತೆ ತೆಗೆದ ಟೇಲರ್, ಹಳೇ ಪುಸ್ತಕದ ಅಂಕಿ ನೋಡಿ, ಕಿವಿಯ ಹಿಂದಿನ ಪೆನ್ಸಿಲ್ ತೆಗೆದ.

“ಒಂದಿಂಚು ಒಳಕ್ಕೆ ಹಿಡೀಬೇಕು ಅಕ್ಕ.”

ಆಕೆಯ ಮುಖ ಅರಳಿತು. “ಹಂಗಾದ್ರೆ ಜಾಸ್ತಿ ಇರೋ ಬಟ್ಟೆ ಕತ್ತರಿಸಿಬಿಡಪ್ಪ.”

“ಕತ್ತರಿಸಾಕಿಲ್ಲ, ಮಡಚಿ ಹೊಲೀತೀನಿ,” ಎಂದ ಅವನು. “ಬರೋ ವಾರ ನಿಮ್ಮಣ್ಣನ ಮನೇಲಿ ಬೀಗರೂಟ ಅಲ್ವಾ?”