ಶಿಕ್ಷಣಾಧಿಕಾರಿ ಮೌಲ್ಯಮಾಪನ ಮೀಮಾಂಸೆ

ಜಿಲ್ಲೆಯ ಶಾಲೆಗಳನ್ನು ನಡೆಸುವ ಅಧಿಕಾರಿಯನ್ನು ಜಿಲ್ಲಾ ಪರಿಷತ್ತು ಅಳೆದು ತೂಗುವ ವಿದ್ಯೆಯೇ ಶಿಕ್ಷಣಾಧಿಕಾರಿ ಮೌಲ್ಯಮಾಪನ. ಈ ವಿದ್ಯೆಯ ಅಧ್ಯಯನಕ್ಕೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಔರಾದ ಶಹಾಜನಿಯ ಸೀಮೆ ಬಹಳ ಅನುಕೂಲವಾದದ್ದು. ನಿಜಾಮರ ಕಾಲದಲ್ಲಿ ನಿಲಂಗಾ, ಉದಗೀರ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು. 1956ರಲ್ಲಿ ಅವು ಉಸ್ಮಾನಾಬಾದಿಗೆ ಸೇರಿದವು. 1982ರಲ್ಲಿ ಲಾತೂರ್ ಜಿಲ್ಲೆ ಹುಟ್ಟಿದಾಗ ಅದರ ಪಾಲಾದವು. ನೆರೆಯ ಉಮರ್ಗಾ ತಾಲೂಕು ಉಸ್ಮಾನಾಬಾದಿನಲ್ಲೇ ಉಳಿಯಿತು. ಆ ಜಿಲ್ಲೆಯ ಹೆಸರು ಈಗ ಧಾರಾಶಿವ. ಹೀಗೆ ನಿಲಂಗಾ, ಉದಗೀರ ಭಾಗದ ಹಳೆಯ ಶಾಲೆಗಳು ಕೂತಲ್ಲಿಂದ ಕದಲದೆ ಮೂರು ಜಿಲ್ಲಾ ಕೇಂದ್ರಗಳಿಗೆ ವರದಿ ಒಪ್ಪಿಸಿವೆ. ವರದಿಯ ಒಕ್ಕಣೆ ಮಾತ್ರ ಬದಲಾಗಿಲ್ಲವೆಂದು ಬಲ್ಲವರು ಹೇಳುತ್ತಾರೆ.

ಶಾಸ್ತ್ರದ ಮೂಲಗ್ರಂಥ 1961ರ ಮಹಾರಾಷ್ಟ್ರ ಜಿಲ್ಲಾ ಪರಿಷತ್ ಮತ್ತು ಪಂಚಾಯತ್ ಸಮಿತಿ ಅಧಿನಿಯಮ. ಇದರ ಪ್ರಕಾರ ಚುನಾಯಿತ ಸದಸ್ಯರ ಶಿಕ್ಷಣ ಸಮಿತಿಯೊಂದು ಇರುತ್ತದೆ, ಅದಕ್ಕೊಬ್ಬ ಸಭಾಪತಿ ಇರುತ್ತಾರೆ. ಶಿಕ್ಷಣಾಧಿಕಾರಿ ಆ ಸಮಿತಿಯ ಪದನಿಮಿತ್ತ ಕಾರ್ಯದರ್ಶಿ. ಅವರನ್ನು ನೇಮಿಸುವುದು ರಾಜ್ಯ ಸರ್ಕಾರ, ಬದಲಿ ಮಾಡುವುದೂ ರಾಜ್ಯ ಸರ್ಕಾರ, ವರ್ಷಕ್ಕೊಮ್ಮೆ ಗೋಪನೀಯ ವರದಿ ಬರೆಯುವವರು ಮುಖ್ಯ ಕಾರ್ಯಕಾರಿ ಅಧಿಕಾರಿ. ಉಳಿದ ಮೌಲ್ಯಮಾಪನವೆಲ್ಲ ಸಮಿತಿಯದೇ. ಅಮೆರಿಕದಲ್ಲಿ ಶಾಲಾ ಮಂಡಳಿಯೇ ತನ್ನ ಅಧಿಕಾರಿಯನ್ನು ಆರಿಸಿ, ಸಂಬಳ ಗೊತ್ತುಮಾಡಿ, ವರ್ಷದ ಕೊನೆಗೆ ಲೆಕ್ಕ ಕೇಳಿ, ಬೇಡವಾದರೆ ಮನೆಗೆ ಕಳಿಸುತ್ತದೆ. ಅಧಿಕಾರವೇ ಇಲ್ಲದೆ ಅಳೆಯುವ ಸೂಕ್ಷ್ಮ ಆ ದೇಶಕ್ಕೆ ಇನ್ನೂ ದಕ್ಕಿಲ್ಲ.

ಅಧಿಕಾರಿಯ ಯೋಗ್ಯತೆಯನ್ನು ತಿಳಿಯುವ ಸಾಧನಗಳು ಆರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ ಮತ್ತು ಅನುಪಲಬ್ಧಿ.

ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಇದರ ಬಳಕೆ ವಿರಳ. ದೊಡ್ಡ ಪ್ರಮಾಣದಲ್ಲಿ ನಡೆದದ್ದು 2011ರ ಅಕ್ಟೋಬರಿನಲ್ಲಿ. ಆಗ ರಾಜ್ಯದ ಶಾಲೆಗಳಲ್ಲೆಲ್ಲ ಮೂರು ದಿನ ಮಕ್ಕಳ ತಲೆ ಎಣಿಸಿ, ಎಣಿಸಿದ ಮಗುವಿನ ಬೆರಳಿಗೆ ಶಾಯಿ ಹಚ್ಚಲಾಯಿತು. ಹಾಜರಿಪಟದಲ್ಲಿ ಮಾತ್ರ ವಾಸವಾಗಿದ್ದ ಮಕ್ಕಳ ಬೆರಳು ಎಷ್ಟು ಹುಡುಕಿದರೂ ಸಿಗಲಿಲ್ಲ. ಪ್ರತ್ಯಕ್ಷವನ್ನು ಅತಿಯಾಗಿ ನೆಚ್ಚಬಾರದೆಂಬ ನಿಯಮ ಬಲವಾದದ್ದು ಇದರ ನಂತರ.

ಆದ್ದರಿಂದ ಅನುಮಾನವೇ ಶ್ರೇಷ್ಠ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸಿದ ತಾರ್ಕಿಕರ ದಾರಿಯಲ್ಲೇ ಸದಸ್ಯರೂ ನಡೆಯುತ್ತಾರೆ. ಶಾಲೆಯಲ್ಲಿ ಹೊಗೆಯೇಳುತ್ತಿದೆ, ಹೊಗೆಯಿದ್ದರೆ ಖಿಚಡಿ ಬೇಯುತ್ತಿದೆ, ಖಿಚಡಿ ಬೇಯುತ್ತಿದ್ದರೆ ಮಕ್ಕಳು ಬಂದಿದ್ದಾರೆ, ಮಕ್ಕಳು ಬಂದಿದ್ದರೆ ಗುರೂಜಿ ಕಲಿಸುತ್ತಿದ್ದಾರೆ, ಆದಕಾರಣ ಶಿಕ್ಷಣಾಧಿಕಾರಿ ದಕ್ಷರು. ಅಡುಗೆಗೆ ಗ್ಯಾಸ್ ಬಂದಲ್ಲಿ ಹೊಗೆ ನಿಂತು, ಹೇತು ದುರ್ಬಲವಾಗಿದೆ. ಅಂಥ ಶಾಲೆಗಳ ವಿಷಯದಲ್ಲಿ ಕುಕ್ಕರಿನ ಸೀಟಿಯನ್ನು ಹೇತುವೆಂದು ಒಪ್ಪಬಹುದೇ ಎಂಬ ಚರ್ಚೆ ಮುಗಿದಿಲ್ಲ.

ಉಪಮಾನವೆಂದರೆ ಹಿಂದಿನ ಸಾಹೇಬರೊಂದಿಗೆ ಹೋಲಿಕೆ. ಹಿಂದಿನವರು ಯಾವಾಗಲೂ ಮೇಲು. ಈ ಪ್ರಮಾಣದ ಬಗ್ಗೆ ಇನ್ನು ಹೇಳುವುದೇನೂ ಇಲ್ಲ.

ಶಬ್ದಪ್ರಮಾಣ ದೆಹಲಿಯಿಂದ ಬರುತ್ತದೆ. ಕೇಂದ್ರ ಶಿಕ್ಷಣ ಮಂತ್ರಾಲಯ ಹತ್ತಾರು ಸೂಚಕಗಳನ್ನಿಟ್ಟು 600 ಅಂಕಗಳಿಗೆ ಪ್ರತಿ ಜಿಲ್ಲೆಯನ್ನೂ ಅಳೆಯುತ್ತದೆ. ದರ್ಜೆಗಳು ಹತ್ತು. ಎಲ್ಲಕ್ಕಿಂತ ಮೇಲಿನದು ದಕ್ಷ, ಎಲ್ಲಕ್ಕಿಂತ ಕೆಳಗಿನದು ಆಕಾಂಕ್ಷಿ-3. ನಾಪಾಸು ಎಂಬುದು ಈ ಪಟ್ಟಿಯಲ್ಲಿಲ್ಲ. ಮಕ್ಕಳ ಮೇಲಿನ ಕರುಣೆಯಿಂದ ಎಂಟನೆಯ ತರಗತಿಯವರೆಗೆ ತಂದ ಅನುತ್ತೀರ್ಣರಹಿತ ಪದ್ಧತಿಯನ್ನು ಮುಂದೆ ಸಡಿಲಿಸಲಾಯಿತು. ಜಿಲ್ಲೆಗಳ ಮಟ್ಟಿಗೆ ಕರುಣೆ ಹಾಗೆಯೇ ಉಳಿದಿದೆ.

ಅರ್ಥಾಪತ್ತಿಗೆ ಮೀಮಾಂಸಕರ ಹಳೆಯ ಉದಾಹರಣೆ ದೇವದತ್ತನದು. ಆತ ಹಗಲಲ್ಲಿ ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಿರಬೇಕು. ಸುಪ್ರೀಂ ಕೋರ್ಟಿನ 2008ರ ತೀರ್ಪಿನಲ್ಲಿ ಬರುವ ದೇವ್ ದತ್ ಬೇರೆ. ಗಡಿ ರಸ್ತೆಗಳ ಎಂಜಿನಿಯರ್ ಆಗಿದ್ದ ಅವರ ಗೋಪನೀಯ ವರದಿಯಲ್ಲಿ ಒಂದು ವರ್ಷ ‘ಉತ್ತಮ’ ಎಂದು ಬರೆದಿತ್ತು, ಅದೇ ಕಾರಣಕ್ಕೆ ಬಡ್ತಿ ತಪ್ಪಿತು, ಬೇಕಾಗಿದ್ದದ್ದು ‘ಅತ್ಯುತ್ತಮ’. ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕೆಂದು ಕೋರ್ಟು ಹೇಳಿತು. ಅಲ್ಲಿಗೆ ಗೋಪನೀಯ ವರದಿಯಲ್ಲಿ ಗೋಪ್ಯವಾಗಿ ಉಳಿದದ್ದು ಅದರ ಹೆಸರು. ಷರಾ ಬರೆಯುವವರು ಮೈಯೆಲ್ಲ ಎಚ್ಚರವಾಗಿ, ಎಲ್ಲರನ್ನೂ ಅತ್ಯುತ್ತಮರೆಂದು ಕಾಣುವ ಸಮದೃಷ್ಟಿ ಬೆಳೆಸಿಕೊಂಡರು.

ಕೊನೆಯದು ಅನುಪಲಬ್ಧಿ, ಅಂದರೆ ಕಾಣದಿರುವುದರಿಂದ ಹುಟ್ಟುವ ಜ್ಞಾನ. ಸಾಹೇಬರು ಕಚೇರಿಯಲ್ಲಿ ಕಾಣದಿದ್ದರೆ ದೌರೆಯ ಮೇಲಿದ್ದಾರೆ. ದೌರೆ ಹೋಗಬೇಕಾದ ಶಾಲೆಯಲ್ಲೂ ಕಾಣದಿದ್ದರೆ ಪುಣೆಯ ಮೀಟಿಂಗಿನಲ್ಲಿದ್ದಾರೆ. ಪುಣೆಯಲ್ಲೂ ಕಾಣದವರು ನ್ಯಾಯಾಲಯದ ಕೆಲಸಕ್ಕೆ ಸಂಭಾಜಿನಗರಕ್ಕೆ ಹೋಗಿದ್ದಾರೆ. ಎಲ್ಲಿಯೂ ಕಾಣದ ಅಧಿಕಾರಿ ಸರ್ವಾಂತರ್ಯಾಮಿ. ಅವರಿಗೆ ಅತಿ ಹೆಚ್ಚು ಅಂಕ.

ಪ್ರಮಾಣಗಳು ಕೂಡಿದ ಮೇಲೆ ಸಭೆ. ಸದಸ್ಯರು ಸೋರುವ ಮಾಳಿಗೆ, ಬಾರದ ಗುರೂಜಿ, ಅರ್ಧ ವರ್ಷ ಕಳೆದರೂ ತುಂಬದ ಹುದ್ದೆಗಳನ್ನು ಎತ್ತಿ ಶಿಕ್ಷಣಾಧಿಕಾರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ತರಾಟೆಯನ್ನು ನಡಾವಳಿ ಪುಸ್ತಕಕ್ಕೆ ಇಳಿಸುವವರು ಕಾರ್ಯದರ್ಶಿ, ಅಂದರೆ ಶಿಕ್ಷಣಾಧಿಕಾರಿಯೇ. ಒಂದು ತಾಸಿನ ಗದ್ದಲ ‘ಸವಿಸ್ತಾರ ಚರ್ಚೆಯಾಯಿತು’ ಎಂಬ ಎರಡು ಪದಗಳಲ್ಲಿ ಅಡಗುವುದು ಹೀಗೆ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದುವ ಈ ಏರ್ಪಾಡಿಗೆ ಕಾಯ್ದೆಯ ಬೆಂಬಲವಿದೆ.

ಸಮಿತಿಯ ಕೈಯಲ್ಲಿದ್ದ ನಿಜವಾದ ಅಳತೆಗೋಲು ಶಿಕ್ಷಕರ ಬದಲಿ. ಸದಸ್ಯರು ಕೊಟ್ಟ ಚೀಟಿಯ ಗುರೂಜಿಯನ್ನು ರಸ್ತೆ ಪಕ್ಕದ ಶಾಲೆಗೆ ಹಾಕಿದವರು ಕರ್ತವ್ಯನಿಷ್ಠರು, ಹಾಕದವರು ಶಿಕ್ಷಣದ್ರೋಹಿಗಳು. 2017ರ ಸರ್ಕಾರಿ ನಿರ್ಣಯ ಬದಲಿಗಳನ್ನು ಕಂಪ್ಯೂಟರಿಗೆ ಒಪ್ಪಿಸಿತು. ಕಂಪ್ಯೂಟರಿಗೆ ಚೀಟಿ ಓದಲು ಬಾರದ್ದರಿಂದ ಶಾಸ್ತ್ರದ ಈ ಶಾಖೆ ಬಡವಾಯಿತು.

2022ರ ಮಾರ್ಚ್‌ನಲ್ಲಿ ಸದಸ್ಯರ ಅವಧಿಯೇ ಮುಗಿಯಿತು. ಚುನಾವಣೆ ನಡೆಯಲಿಲ್ಲ, ಮುಖ್ಯ ಕಾರ್ಯಕಾರಿ ಅಧಿಕಾರಿಯೇ ಆಡಳಿತಗಾರರಾದರು. ವರದಿ ಬರೆಯುವವರೂ ಅವರೇ, ಪರಿಷತ್ತೂ ಅವರೇ, ಸಮಿತಿಗಳೂ ಅವರೇ ಆದದ್ದರಿಂದ ಭಿನ್ನಾಭಿಪ್ರಾಯ ಅಳಿದು, ಶಾಸ್ತ್ರ ದ್ವೈತದಿಂದ ಅದ್ವೈತಕ್ಕೆ ಏರಿತು. ಆ ವರ್ಷದ ಜೂನ್‌ನಲ್ಲಿ ಔರಾದ ಶಹಾಜನಿಯಲ್ಲಿ ಒಂದನೆಯ ತರಗತಿಗೆ ಸೇರಿದ ಮಗು 2025ರ ಜೂನ್‌ನಲ್ಲಿ ನಾಲ್ಕನೆಯ ತರಗತಿಗೆ ಬಂದಾಗಲೂ ಲಾತೂರ್ ಜಿಲ್ಲಾ ಪರಿಷತ್ತಿನಲ್ಲಿ ಚುನಾಯಿತ ಶಿಕ್ಷಣ ಸಮಿತಿ ಇರಲಿಲ್ಲ.