ಒಲೆ ಹಚ್ಚದ ಮೀನು

ಬೆಂಕಿಯಿಲ್ಲದ ಅಡುಗೆ ಸ್ಪರ್ಧೆ ಎಂಬುದೊಂದು ನಮ್ಮ ಮಹಿಳಾ ಮಂಡಲಗಳಲ್ಲೂ ಶಾಲೆಗಳಲ್ಲೂ ಉಂಟು. ಬಹುಮಾನ ಹೆಚ್ಚಾಗಿ ಅವಲಕ್ಕಿಯ ಪಾಲಿಗೆ. ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟಿ ಚಪ್ಪಟೆ ಮಾಡಿದವನು ಯಾವುದೋ ಊರಿನ ಮಿಲ್ಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾನೆ. ಇಲ್ಲಿ ಕಿಡಿ ಸೋಕದೆ ತಯಾರಾಯಿತೆಂದು ಅದಕ್ಕೆ ಸ್ಟೀಲಿನ ಡಬ್ಬ, ಚಪ್ಪಾಳೆ. ಕೋಸಂಬರಿಯದು ಇನ್ನೂ ಚೆಂದ. ಹೆಸರುಬೇಳೆ ಹಸಿ, ಸೌತೆ ಹಸಿ, ಕಾಯಿತುರಿ ಹಸಿ. ಇಷ್ಟೆಲ್ಲ ಹಸಿಯಾಗಿಯೇ ಕಲಸಿದ ಮೇಲೂ ಒಂದು ಚಮಚ ಸಾಸಿವೆ ಸಿಡಿಸಲು ಒಲೆ ಹಚ್ಚದಿದ್ದರೆ ಹಿರಿಯರಿಗೆ ಅದು ಅಡುಗೆ ಅನ್ನಿಸುವುದೇ ಇಲ್ಲ.

ಮೇ ತಿಂಗಳ ಬೆಂಗಳೂರಿನಲ್ಲಿ ನಾನು ಟ್ಯೂನಾ ಸಲಾಡನ್ನು ಲೆಟಿಸ್ ಎಲೆಯಲ್ಲಿ ಸುತ್ತಿ ತಿನ್ನುವವರ ಪಂಥ ಸೇರಿದ್ದು ನಾಲಿಗೆಯ ಒತ್ತಾಯಕ್ಕಲ್ಲ, ಸೆಕೆಗೆ. ಒಲೆಯ ಮುಂದೆ ನಿಲ್ಲುವುದಿಲ್ಲ ಎಂದು ಹೆಂಡತಿ ಸಾರಿದಳು. ನಿಲ್ಲಬೇಕಾಗಿಯೇ ಇಲ್ಲ ಎಂದು ನಾನು ಸಾರಿದೆ. ಗಂಡಸರಿಗೆ ಈ ಬಗೆಯ ಅಡುಗೆಯ ಮೇಲೆ ವಿಶೇಷ ಪ್ರೀತಿ. ಕಷ್ಟವಿಲ್ಲ, ಹೆಸರು ಬರುತ್ತದೆ. ಪಾತ್ರೆ ತೊಳೆಯುವ ಪ್ರಶ್ನೆ ಆಮೇಲಿನದು.

ಅದೇ ವಾರ ಮಂಗಳೂರಿನಿಂದ ದೊಡ್ಡಪ್ಪ ದೊಡ್ಡಮ್ಮ ಬಂದಿದ್ದರು. ದೊಡ್ಡಮ್ಮನ ಮೀನಿನ ಪುರಾಣದಲ್ಲಿ ಅಂಜಲ್, ಮಾಂಜಿ, ಕಾಣೆ ಇವರೆಲ್ಲ ಅರಸುಮನೆತನದವರು. ಬಂಗುಡೆ, ಬೂತಾಯಿ ದಿನವೂ ಬಂದುಹೋಗುವ ನೆಂಟರು. ಕೇದರ, ಅಂದರೆ ಟ್ಯೂನಾ, ಕೆಂಪು ಮಾಂಸದ ದಾಂಡಿಗ. ಅವನಿಗೆ ಅಂಗಳದವರೆಗೆ ಮಾತ್ರ ಪ್ರವೇಶ. ಅಂಥವನು ತಗಡಿನ ಡಬ್ಬಿಯಲ್ಲಿ ಕೂತು ನೇರ ಊಟದ ಮೇಜಿಗೆ ಬಂದದ್ದನ್ನು ನೋಡಿ ದೊಡ್ಡಮ್ಮ ಕನ್ನಡಕ ಹಾಕಿಕೊಂಡರು.

“ಬೇಯಿಸುವುದಿಲ್ವಾ?”

“ಇಲ್ಲ ದೊಡ್ಡಮ್ಮ.”

“ಬೇಯಿಸದ ಮೀನನ್ನು ಬೆಕ್ಕು ಸಹ ಎರಡು ಸಲ ಮೂಸಿ ನೋಡಿ ತಿನ್ನುದು, ಮಾರಾಯ.”

ವಾಸ್ತವದಲ್ಲಿ ಡಬ್ಬಿಯ ಟ್ಯೂನಾದಷ್ಟು ಬೆಂದ ಮೀನು ನಮ್ಮ ಗಸಿಯಲ್ಲೂ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಅದನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಚರ್ಮ, ಮುಳ್ಳು, ಕಪ್ಪು ಮಾಂಸ ತೆಗೆದು ಡಬ್ಬಿಗೆ ತುಂಬಿ, ಮುಚ್ಚಿ, ಆ ಡಬ್ಬಿಗಳನ್ನೇ ಬೃಹತ್ ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿಟ್ಟು 115 ಡಿಗ್ರಿಗೂ ಮೇಲಿನ ಶಾಖದಲ್ಲಿ ಮತ್ತೊಮ್ಮೆ ಬೇಯಿಸುತ್ತಾರೆ. ಟ್ಯೂನಾದ ಜಾತಕವೇ ಅಂಥದ್ದು. ಬದುಕಿರುವಾಗ ಈಜುವುದನ್ನು ನಿಲ್ಲಿಸುವಂತಿಲ್ಲ, ನಿಂತರೆ ಕಿವಿರಿಗೆ ನೀರು ಹರಿಯದೆ ಉಸಿರು ಕಟ್ಟುತ್ತದೆ. ಆ ದುಡಿತಕ್ಕೆ ಅದರ ಸ್ನಾಯು ಸುತ್ತಲಿನ ಕಡಲಿಗಿಂತ ಬೆಚ್ಚಗಿರುತ್ತದೆ. ಬದುಕಿದ್ದಾಗಲೇ ಬಿಸಿ, ಸತ್ತ ಮೇಲೆ ಎರಡು ಸಲ ಬಿಸಿ. ಇಷ್ಟಾದ ಮೇಲೆ ನಾನು ಅದನ್ನು ತಣ್ಣಗೆ ಬಿಟ್ಟರೆ ಅದು ಅಡುಗೆಯಲ್ಲ, ಕರುಣೆ.

ಈ ಡಬ್ಬಿ ವ್ಯಾಪಾರ ಹುಟ್ಟಿದ್ದೂ ಒಂದು ಮೀನು ಕೈಕೊಟ್ಟದ್ದರಿಂದ. 1903ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊದಲ್ಲಿ ಸಾರ್ಡೀನ್, ಅಂದರೆ ನಮ್ಮ ಬೂತಾಯಿಯ ದೂರದ ದಾಯಾದಿ, ಬಲೆಗೆ ಬೀಳದೆ ಹೋಯಿತು. ಡಬ್ಬಿ ಕಾರ್ಖಾನೆಯ ಆಲ್ಬರ್ಟ್ ಹಾಫ್‌ಹಿಲ್ ಎಂಬಾತ ಖಾಲಿ ಡಬ್ಬಿಗಳ ಮುಖ ನೋಡುತ್ತ ಕೂರಲಾರದೆ ಆಲ್ಬಕೋರ್ ಎಂಬ ಜಾತಿಯ ಟ್ಯೂನಾವನ್ನು ಹಬೆಯಲ್ಲಿ ಬೇಯಿಸಿ ತುಂಬಿದ. ಬೆಂದ ಮಾಂಸ ಬೆಳ್ಳಗಾಗಿ ಕೋಳಿಯ ಎದೆಭಾಗದ ಹಾಗೆ ಕಂಡಿತು. ಮೀನು ತಿನ್ನಬೇಕು, ಆದರೆ ಅದು ಮೀನು ಎಂದು ನೆನಪಾಗಬಾರದು ಎನ್ನುವ ಜನ ಎಲ್ಲ ದೇಶದಲ್ಲೂ ಇರುತ್ತಾರೆ. ಅಮೆರಿಕದಲ್ಲಿ ತುಸು ಹೆಚ್ಚೇ ಇದ್ದರು. (ಆಲ್ಬಕೋರ್‌ನಲ್ಲಿ ಪಾದರಸದ ಅಂಶ ಜಾಸ್ತಿ. ಬಸುರಿಯರಿಗೂ ಮಕ್ಕಳಿಗೂ ಸ್ಕಿಪ್‌ಜ್ಯಾಕ್ ಎಂಬ ಸಣ್ಣ ಜಾತಿಯ ಡಬ್ಬಿಯೇ ವಾಸಿ, ಅದೂ ಮಿತವಾಗಿ.)

ಎಲೆಯ ವಿಷಯಕ್ಕೆ ಬರೋಣ. ಲೆಟಿಸ್ ಎಂದರೆ ನೂರಕ್ಕೆ 95 ಪಾಲು ನೀರು, ಉಳಿದದ್ದು ಬಿಂಕ. ಐಸ್‌ಬರ್ಗ್ ಗಡ್ಡೆಯ ತೊಟ್ಟಿನ ಭಾಗವನ್ನು ಕಟ್ಟೆಗೆ ಒಮ್ಮೆ ಜೋರಾಗಿ ಕುಕ್ಕಿದರೆ ದಿಂಡು ಸಡಿಲವಾಗಿ ಕೈಗೆ ಬರುತ್ತದೆ. ಆ ಕುಳಿಗೆ ನಲ್ಲಿ ನೀರು ಬಿಟ್ಟರೆ ಎಲೆಗಳು ಹರಿಯದೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಐಸ್ ನೀರಲ್ಲಿ ಹತ್ತು ನಿಮಿಷ ಮುಳುಗಿಸಿದರೆ ಬಾಡಿದ್ದು ಸಹ ಸೆಟೆದು ನಿಲ್ಲುತ್ತದೆ. ಆಮೇಲೆ ಒರೆಸಬೇಕು. ಒಂದೊಂದೇ ಎಲೆಯನ್ನು, ಎರಡೂ ಬದಿ, ಒಣ ಬಟ್ಟೆಯಲ್ಲಿ. ಒರೆಸದಿದ್ದರೆ ಒಳಗಿನ ಹೂರಣ ಜಾರಿ ಮಡಿಲಿಗೆ ಬೀಳುತ್ತದೆ. ಅಡುಗೆಯಿಲ್ಲದ ಅಡುಗೆಯಲ್ಲಿ ಸೊಪ್ಪಿಗೆ ಟವೆಲ್ ಹಿಡಿಯುವ ಕೆಲಸವೂ ಉಂಟೆಂದು ಯಾರೂ ಮೊದಲೇ ಹೇಳುವುದಿಲ್ಲ. ಅಷ್ಟರಲ್ಲಿ ಈರುಳ್ಳಿ ಸಣ್ಣಗೆ ಹೆಚ್ಚಿ ತಣ್ಣೀರಿಗೆ, ಸೌತೆಯ ತಿರುಳು ತೆಗೆದು ಚೂರು ಮಾಡಿ ಜರಡಿಗೆ, ಡಬ್ಬಿಯ ಮುಚ್ಚಳವನ್ನು ಅರ್ಧ ತೆಗೆದು ಅದರಿಂದಲೇ ಮೀನನ್ನು ಒತ್ತಿ ನೀರು ಬಸಿದು ಬೋಗುಣಿಗೆ. 185 ಗ್ರಾಮಿನ ಡಬ್ಬಿ ಬಸಿದಾಗ ಎಷ್ಟು ಸಣಕಲಾಗುತ್ತದೆ ಎಂಬುದು ಇನ್ನೊಂದು ದುಃಖ.

ಕಲಸಲು ಮೊಸರು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದೆ. ದೊಡ್ಡಮ್ಮ ಗಂಟನ್ನು ನೋಡಿದರು, ನನ್ನನ್ನು ನೋಡಿದರು.

“ಮೀನಿಗೆ ಮೊಸರಾ? ತೊನ್ನು ಬರ್ತದೆ!”

ತೊನ್ನು ಎಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ತಿರುಗಿಬೀಳುವುದು, ಅದರಲ್ಲಿ ಮೊಸರಿನ ಕೈವಾಡ ಇಲ್ಲ ಎಂದೆ. ಬಂಗಾಳದಲ್ಲಿ ಮದುವೆಮನೆಯಲ್ಲೂ ಮೊಸರು ಹಾಕಿ ಮೀನು ಬೇಯಿಸಿ ಬಡಿಸುತ್ತಾರೆ ಎಂದೂ ಸೇರಿಸಿದೆ.

“ಬೇಯಿಸ್ತಾರೆ ಅಂತ ನೀನೇ ಹೇಳಿದೆಯಲ್ಲ” ಎಂದರು ದೊಡ್ಡಮ್ಮ. ವಕೀಲರಾಗಬೇಕಿತ್ತು.

ಸರಿ, ಅಮೆರಿಕದವರು ಹಾಕುವ ಮೇಯನೇಸ್ ಆಗಬಹುದೇ? ಅದರಲ್ಲೇನುಂಟು ಎಂದರು. ಹಸಿ ಮೊಟ್ಟೆ, ಎಣ್ಣೆ, ವಿನೆಗರ್ ಎಂದೆ. ಹಸಿ ಮೊಟ್ಟೆಯ ಮೇಯನೇಸನ್ನು 2024ರಲ್ಲಿ ತೆಲಂಗಾಣವೂ 2025ರಲ್ಲಿ ತಮಿಳುನಾಡೂ ಒಂದೊಂದು ವರ್ಷ ನಿಷೇಧಿಸಿದ ಸುದ್ದಿಯನ್ನು ಪೇಪರ್ ಓದುತ್ತಿದ್ದ ದೊಡ್ಡಪ್ಪ, ಕೇಳದಿದ್ದರೂ, ಒದಗಿಸಿದರು. ಹಾಗಿದ್ದರೆ ಮೊಟ್ಟೆಯಿಲ್ಲದ ಮೇಯನೇಸ್ ಎಂದು ಫ್ರಿಜ್ಜಿನ ಬಾಟಲಿ ತೋರಿಸಿದೆ. ದೊಡ್ಡಮ್ಮ ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊಮ್ಮಗಳಿಂದ ಗಟ್ಟಿಯಾಗಿ ಓದಿಸಿದರು. ಹಾಲಿನ ಪುಡಿ! ಮೀನಿಗೆ ಹಾಲು ಎಂದರೆ ಆಯುರ್ವೇದದ ವಿರುದ್ಧಾಹಾರದಲ್ಲೇ ಎದ್ದು ಕಾಣುವ ಜೋಡಿ. ಸುತ್ತಿ ಸುತ್ತಿ ನಾನು ಮತ್ತೆ ಮೊಸರಿನ ಗಂಟಿನ ಕೆಳಗೇ ಬಂದು ನಿಂತಿದ್ದೆ.

ಆಗ ದೊಡ್ಡಮ್ಮ ಎದ್ದರು. ತುರಿಮಣೆ ಎಳೆದು ಅರ್ಧ ಕಾಯಿ ತುರಿದರು. ಈರುಳ್ಳಿ, ಹಸಿಮೆಣಸು, ಉಪ್ಪು ಹಾಕಿ ಕೈಯಲ್ಲೇ ಚೆನ್ನಾಗಿ ಹಿಚುಕಿ, ಲಿಂಬೆಯ ಬದಲು ಒಂದಿಷ್ಟು ಮಾವಿನಕಾಯಿ ತುರಿ ಸೇರಿಸಿ, ಮೀನನ್ನು ಅದರೊಳಗೆ ಬಿಡಿಸಿದರು. ಬೆರಳಿಗೆ ಹತ್ತಿದ್ದನ್ನು ನೆಕ್ಕಿ ಏನೂ ಹೇಳಲಿಲ್ಲ, ಇನ್ನೊಮ್ಮೆ ನೆಕ್ಕಿದರು.

ಮಾಲ್ಡೀವ್ಸಿನ ಜನ ದಿನಾ ಬೆಳಿಗ್ಗೆ ರೊಟ್ಟಿಯೊಂದಿಗೆ ತಿನ್ನುವ ಮಸ್ ಹುನಿ ಹೆಚ್ಚುಕಡಿಮೆ ಇದೇ: ಟ್ಯೂನಾ, ಕಾಯಿತುರಿ, ಈರುಳ್ಳಿ, ಮೆಣಸು, ಲಿಂಬೆ. ಅದೇ ಭಾಷೆಯಾಡುವ ಮಿನಿಕಾಯ್ ದ್ವೀಪ ನಮ್ಮ ಲಕ್ಷದ್ವೀಪದಲ್ಲೇ ಉಂಟು. ಅಲ್ಲಿಯವರು ಗಾಳ ಹಾಕಿ ಹಿಡಿದ ಟ್ಯೂನಾವನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿ ಇಡುತ್ತಾರೆ. ಬೇಕಾದಾಗ ಒಲೆ ಹಚ್ಚದೆ ಕೆತ್ತಿ ತಿನ್ನಬಹುದು. ಅಲ್ಲೂ ಅಷ್ಟೇ, ಬೆಂಕಿಯ ಕೆಲಸ ಮೊದಲೇ ಯಾರೋ ಮುಗಿಸಿರುತ್ತಾರೆ. ಅಮಿನಿ, ಕಡಮತ್ ಮುಂತಾದ ಉತ್ತರದ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಅಲ್ಲಿಗೆ ಸಾಮಾನು ಹೋಗುತ್ತದೆ. ಇದನ್ನೆಲ್ಲ ವಿವರಿಸಿ, ನೀವು ಈಗ ಮಾಡಿದ್ದು ದ್ವೀಪದವರ ಅಡುಗೆ ಎಂದೆ. “ಅವರು ನಮ್ಮಿಂದ ಕಲಿತದ್ದಿರಬಹುದು” ಎಂದು ದೊಡ್ಡಮ್ಮ ಕೈ ತೊಳೆದರು.

ತಿನ್ನುವ ಕ್ರಮದಲ್ಲಿ ದೊಡ್ಡಪ್ಪ ಎಲ್ಲರನ್ನೂ ಮೀರಿಸಿದರು. ಲೆಟಿಸ್ ಎಲೆಯನ್ನು ಎಡಗೈಯಲ್ಲಿ ಹಿಡಿದು, ಹೂರಣವನ್ನು ಸುಣ್ಣ ಸವರಿದ ಹಾಗೆ ತೆಳ್ಳಗೆ ಸವರಿ, ನಾಲ್ಕು ಮಡಿಕೆ ಮಾಡಿ ದವಡೆಗೆ ಒತ್ತಿದರು. ಆಮೇಲೆ ಅಭ್ಯಾಸಬಲದಿಂದ ಮೇಜಿನ ಮೇಲೆ ಅಡಿಕೆಗಾಗಿ ಕೈಯಾಡಿಸಿದರು. ಎಲೆ ಚೂರೂ ಹರಿಯಲಿಲ್ಲ, ಒಂದು ತುಣುಕೂ ಉದುರಲಿಲ್ಲ. ನಾವು ಉಳಿದವರು ಮೊಣಕೈವರೆಗೆ ಸೋರಿಸಿಕೊಂಡು ತಿಂದೆವು.

ಸಿಂಕಿನ ಕಡೆ ನೋಡಿದ ಹೆಂಡತಿ, ಒಲೆ ಹಚ್ಚಿದ ದಿನ ಇಷ್ಟು ಪಾತ್ರೆ ಬೀಳುವುದಿಲ್ಲ ಎಂದಳು. ನಾನು ತೊಳೆಯತೊಡಗಿದೆ. ಬಾಲ್ಕನಿಯಿಂದ ದೊಡ್ಡಮ್ಮ ಊರಿಗೆ ಫೋನ್ ಮಾಡಿ ತಂಗಿಗೆ ವರದಿ ಒಪ್ಪಿಸುತ್ತಿದ್ದರು.

“ಹೌದು, ಅವನೇ ಮಾಡಿದ್ದು... ಸೊಪ್ಪಿನಲ್ಲಿ ಸುತ್ತಿ. ಇಲ್ಲ ಇಲ್ಲ, ಒಳ್ಳೇದಿತ್ತು... ಅಲ್ಲ ಮಾರಾಯ್ತಿ, ಗ್ಯಾಸು ಮುಗಿದದ್ದಲ್ಲ. ನಾನೇ ಸಿಲಿಂಡರ್ ಅಲ್ಲಾಡಿಸಿ ನೋಡಿದೆ, ತುಂಬ ಉಂಟು.”