ಅನುದಾನ ಚಂಪು: ಒಂದು ಶಾಸ್ತ್ರೀಯ ವಿವೇಚನೆ

1. ಪೀಠಿಕೆ

ಹನ್ನೆರಡನೆಯ ಶತಮಾನದ ವಚನಕಾರರೂ ಆಮೇಲಿನ ಷಟ್ಪದಿಕಾರರೂ ಬಂದ ಮೇಲೆ ಚಂಪೂಕಾವ್ಯ ಮೂಲೆಗೆ ಸರಿಯಿತೆಂದು ನಮ್ಮ ಸಾಹಿತ್ಯ ಚರಿತ್ರೆಕಾರರು ಬರೆದಿದ್ದಾರೆ. ಈ ಮತವನ್ನು ಪ್ರಸ್ತುತ ಪ್ರಬಂಧಕಾರರು ವಿನಯಪೂರ್ವಕವಾಗಿ ಖಂಡಿಸುತ್ತಾರೆ. ಚಂಪು ಅಳಿದಿಲ್ಲ, ಮೆಡಿಕಲ್ ಕಾಲೇಜುಗಳಿಗೆ ವಲಸೆ ಹೋಗಿದೆ. ಗದ್ಯಪದ್ಯ ಬೆರೆತರೆ ಚಂಪು. ಗದ್ಯಕ್ಕೆ ಕೋಷ್ಟಕ, ಬಾಣದ ಗುರುತಿನ ಚಿತ್ರ ಮತ್ತು ಬಜೆಟ್ ಬೆರೆತರೆ ವೈದ್ಯಕೀಯ ಸಂಶೋಧನಾ ಅನುದಾನದ ಅರ್ಜಿ. ಎರಡೂ ಆಶ್ರಯದಾತನಿಗಾಗಿಯೇ ಹುಟ್ಟಿದವು. ಎರಡನ್ನೂ ಆದ್ಯಂತವಾಗಿ ಓದಿದವರು ವಿರಳ.

2. ಆಶ್ರಯದಾತರ ವಂಶಾವಳಿ

ಪಂಪನಿಗೆ ಅರಿಕೇಸರಿ ಎಂಬ ಅರಸ ಸಿಕ್ಕಿದ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಮುಗಿಸಿದ್ದಕ್ಕೆ ಧರ್ಮಪುರವೆಂಬ ಅಗ್ರಹಾರವೇ ದಾನವಾಗಿ ಬಂತು. ಅದಕ್ಕಾಗಿ ಕವಿ ಮೂರು ಕೊಟೇಷನ್ ಲಗತ್ತಿಸಿದ್ದನೆಂಬುದಕ್ಕೆ ಶಾಸನಾಧಾರವಿಲ್ಲ. ರನ್ನನಿಗೆ ಅತ್ತಿಮಬ್ಬೆ ದೊರೆತಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಬರೆಸಿ ಹಂಚಿದ ಪುಣ್ಯಾತ್ಗಿತ್ತಿ ಆಕೆ. ಇಂದಿನ ಪೋರ್ಟಲ್ಲುಗಳು ಕೇಳುವುದು ಒಂದೇ ಪ್ರತಿ, ಅದೂ ಇಂತಿಷ್ಟು ಎಂಬಿ ಮೀರದ ಪಿಡಿಎಫ್.

ಈಗಿನ ವೈದ್ಯಕವಿಗೆ ಆಶ್ರಯದಾತರು ಹಲವರು. ಹಿರಿಯ ಮನೆತನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಆಗಿ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆಯಿತು. 2008ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ ಕೂಡಿ ಇಂಡಿಯಾ ಅಲಯನ್ಸ್ ಕಟ್ಟಿದವು. ಅಲ್ಲಿ ಅರ್ಲಿ ಕರಿಯರ್ (ಆರಂಭಿಕ), ಇಂಟರ್‌ಮೀಡಿಯೇಟ್ (ಮಧ್ಯಮ) ಎಂದು ಮೆಟ್ಟಿಲುಗಳಿವೆ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಎಂಬ ಅರಸುಮನೆಯು 2023ರ ಕಾಯಿದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಲೀನವಾಯಿತು. ಹಿಂದೆ ರಾಜವಂಶ ಬದಲಾದರೆ ಕವಿಗಳು ಹೊಸ ಮಂಗಳಪದ್ಯ ರಚಿಸುತ್ತಿದ್ದರು. ಈಗ ಸಂಶೋಧಕರು ಹೊಸ ಪಾಸ್‌ವರ್ಡ್ ರಚಿಸುತ್ತಾರೆ.

3. ಕವಿಯ ವಯೋನಿರ್ಣಯ

‘ಆರಂಭಿಕ’ ಎಂದರೆ ಎಷ್ಟು ವಯಸ್ಸು? ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ ಮೂರು, ಡಿಎಂ ಇನ್ನೂ ಮೂರು. ನಡುವೆ ಪ್ರವೇಶ ಪರೀಕ್ಷೆಗೆ ಕೂತ ವರ್ಷಗಳನ್ನು ಕೇಳುವುದು ಸಭ್ಯತೆಯಲ್ಲ. ಇಷ್ಟು ಮುಗಿದು ಅಸಿಸ್ಟೆಂಟ್ ಪ್ರೊಫೆಸರ್ ಆಗುವ ಹೊತ್ತಿಗೆ ತಾನು ಓದಿದ ಪ್ರೈಮರಿ ಶಾಲೆಯಲ್ಲಿ ಮಗು ಓದುತ್ತಿರುತ್ತದೆ, ತಂದೆ ಅಥವಾ ತಾಯಿ ಮಾತ್ರ ಇನ್ನೂ ‘ಆರಂಭಿಕ’. ಇದು ನಮ್ಮ ದೇಶದ ವಿಶೇಷವೇನಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ (ಎನ್‌ಐಎಚ್) ಕೊಡುವ ಆರ್01 ಎಂಬ ಪ್ರಧಾನ ಅನುದಾನ ಮೊದಲ ಸಲ ಕೈಗೆ ಬರುವಾಗ ಸಂಶೋಧಕರ ಸರಾಸರಿ ವಯಸ್ಸು ನಲವತ್ತು ದಾಟಿರುತ್ತದೆ. 902ರಲ್ಲಿ ಹುಟ್ಟಿದ ಪಂಪ ‘ವಿಕ್ರಮಾರ್ಜುನ ವಿಜಯ’ ಮುಗಿಸಿದಾಗ ಅವನಿಗೆ 39. ಆದ್ದರಿಂದ ಆದಿಕವಿಯನ್ನು ಆರಂಭಿಕ ವೃತ್ತಿಯ ಅಭ್ಯರ್ಥಿಯೆಂದು ಪರಿಗಣಿಸಲು ಅಡ್ಡಿಯಿಲ್ಲ, ಗೈಡ್‌ನ ಶಿಫಾರಸು ಪತ್ರ ತಂದರೆ.

‘ಮಧ್ಯಮ’ನ ಲಕ್ಷಣ ಇನ್ನೂ ಸೂಕ್ಷ್ಮ. ಗೈಡ್‌ನ ನೆರಳಿನಿಂದ ತಾನು ಹೊರಬಂದಿರುವೆನೆಂದು ಆತ ಸಾಬೀತುಪಡಿಸಬೇಕು. ಆ ಸಂಗತಿಯನ್ನು ದೃಢೀಕರಿಸಲು ಗೈಡ್‌ಗಿಂತ ಅರ್ಹರು ಯಾರು? ಪತ್ರ ಮತ್ತೆ ಅವರದೇ.

4. ವರ್ಣನೆಗಳು

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆ ಇರಬೇಕೆಂದು ಲಾಕ್ಷಣಿಕರು ವಿಧಿಸಿದರು. ಅರ್ಜಿಗೂ ಅಷ್ಟೇ ಅಂಕಣಗಳಿವೆ. ಮುಖ್ಯವಾದವನ್ನು ನೋಡೋಣ.

ಸಮುದ್ರವರ್ಣನೆ: ರೋಗದ ವಿಸ್ತಾರ. ಮಧುಮೇಹದ ಅರ್ಜಿಗಳೆಲ್ಲ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂಬ ವಾಕ್ಯದಿಂದ ತೊಡಗುತ್ತವೆ. 2023ರಲ್ಲಿ ಆ ಅಂಕಿಯನ್ನು ಪ್ರಕಟಿಸಿದ ಅಧ್ಯಯನಕ್ಕೆ ಹಣ ಕೊಟ್ಟವರಲ್ಲಿ ಐಸಿಎಂಆರ್ ಕೂಡ ಇದೆ. ಆಶ್ರಯದಾತನಿಗೆ ಅವನದೇ ಅಂಕಿಯನ್ನು ಕಾಣಿಕೆಯಾಗಿ ಒಪ್ಪಿಸುವ ಈ ಪದ್ಧತಿ ಅತ್ಯಂತ ಶಿಷ್ಟವಾದುದು.

ಪೂರ್ವಕವಿ ಸ್ತುತಿ: ಆಕರಪಟ್ಟಿ. ಅರ್ಜಿ ಯಾರ ಮೇಜಿಗೆ ಹೋಗಬಹುದೆಂದು ಊಹಿಸಿ ಅವರ ಲೇಖನಗಳನ್ನು ಸ್ಮರಿಸುವುದು.

ಕುಕವಿ ನಿಂದೆ: ‘ಈ ವಿಷಯದಲ್ಲಿ ಇದುವರೆಗೆ ಸಮರ್ಪಕ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯ. ಮೇಲಿನ ಸ್ತುತಿಯ ಬೆನ್ನಿಗೇ ಬರುವ ಇದನ್ನು ವಿರೋಧಾಭಾಸ ಅಲಂಕಾರವೆನ್ನಬಹುದು.

ನಾಯಕ ಸಮೀಕರಣ: ಪಂಪನ ಕೌಶಲವೆಲ್ಲ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿದ್ದರಲ್ಲಿದೆ. ಅರ್ಜಿಕಾರನ ಕೌಶಲ ತನ್ನ ವಿಷಯವನ್ನು ಆ ವರ್ಷದ ‘ಥ್ರಸ್ಟ್ ಏರಿಯಾ’ದೊಂದಿಗೆ ಒಂದಾಗಿಸುವುದರಲ್ಲಿದೆ. ಹತ್ತು ವರ್ಷ ಮೂತ್ರಪಿಂಡದ ಕಲ್ಲನ್ನೇ ಧ್ಯಾನಿಸಿದವನು ಕೃತಕ ಬುದ್ಧಿಮತ್ತೆಯ ಕರೆ ಬಂದರೆ ಕಲ್ಲಿಗೂ ಬುದ್ಧಿ ಬರಿಸುತ್ತಾನೆ.

5. ಕಥಾವಸ್ತು

ಇದೇ ಪ್ರಬಂಧದ ಕೇಂದ್ರ ಸಿದ್ಧಾಂತ: ಕಥೆ ಮೊದಲೇ ಗೊತ್ತಿರಬೇಕು. ಮಹಾಭಾರತದ ಕೊನೆಯಲ್ಲಿ ಯಾರು ಗೆಲ್ಲುತ್ತಾರೆಂದು ಪಂಪನಿಗೂ ಗೊತ್ತಿತ್ತು, ಅರಿಕೇಸರಿಗೂ ಗೊತ್ತಿತ್ತು. ಅರ್ಜಿಯೂ ಹಾಗೆಯೇ. ‘ಪ್ರಿಲಿಮಿನರಿ ಡೇಟಾ ಎಲ್ಲಿ?’ ಎಂದು ಸಮಿತಿ ಕೇಳುತ್ತದೆ. ಕೆಲಸ ಮಾಡಲು ಹಣ ಬೇಕು. ಹಣ ಬೇಕಾದರೆ ಕೆಲಸ ಆಗಿರಬೇಕು. ಈ ಅನ್ಯೋನ್ಯಾಶ್ರಯ ದೋಷಕ್ಕೆ ಅನುಭವಿಗಳು ಕಂಡುಕೊಂಡ ಪರಿಹಾರ ಸರಳ: ಮುಗಿದ ಕೆಲಸವನ್ನು ಭವಿಷ್ಯತ್ಕಾಲದಲ್ಲಿ ಬರೆಯುವುದು, ಬಂದ ಹಣದಲ್ಲಿ ಮುಂದಿನ ಅರ್ಜಿಯ ಕೆಲಸ ಮುಗಿಸುವುದು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದವನಿಗೆ ‘ಅತಿಯಾದ ಮಹತ್ವಾಕಾಂಕ್ಷೆ’ ಎಂಬ ಷರಾ ಬೀಳುತ್ತದೆ.

6. ಸಹೃದಯ ಮೀಮಾಂಸೆ

ಒಬ್ಬ ರಿವ್ಯೂವರ್ ಮಾದರಿ ಸಂಖ್ಯೆ ಸಾಲದೆನ್ನುತ್ತಾನೆ; ಇನ್ನೊಬ್ಬ ಇಷ್ಟು ರೋಗಿಗಳು ಸಿಗಲಾರರೆನ್ನುತ್ತಾನೆ. ಇದು ವೈಯಕ್ತಿಕ ದ್ವೇಷವಲ್ಲ, ಪ್ರಕೃತಿ ನಿಯಮ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎನ್‌ಐಎಚ್‌ಗೆ ಸಲ್ಲಿಕೆಯಾಗಿದ್ದ 25 ಅರ್ಜಿಗಳನ್ನು 43 ವಿಮರ್ಶಕರಿಗೆ ಓದಿಸಲಾಯಿತು. ಒಂದೇ ಅರ್ಜಿಗೆ ಇಬ್ಬರು ಕೊಟ್ಟ ಅಂಕಗಳ ನಡುವಿನ ಹೊಂದಾಣಿಕೆ, ಬೇರೆ ಬೇರೆ ಅರ್ಜಿಗಳಿಗೆ ಕೊಟ್ಟ ಅಂಕಗಳ ನಡುವಿನದಕ್ಕಿಂತ ಹೆಚ್ಚಿರಲಿಲ್ಲ.

ಹೀಗೆ ಕೂದಲೆಳೆಯಲ್ಲಿ ಗೆದ್ದವನ ಭಾಗ್ಯವೇ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಆರಂಭಿಕರ ಅನುದಾನದ ಹೆಸರು ವೇನಿ, ಮಧ್ಯಮರದು ವಿಡಿ, ಹಿರಿಯರದು ವಿಚಿ. ಸೀಸರನ ‘ಬಂದೆ, ನೋಡಿದೆ, ಗೆದ್ದೆ’ಯನ್ನು ಮೂರು ಕಂತು ಮಾಡಿದ್ದಾರೆ. ಅಲ್ಲಿ ವೇನಿಯನ್ನು ಗಡಿರೇಖೆಯ ತುಸು ಮೇಲೆ ಗೆದ್ದವರು ಮುಂದಿನ ಎಂಟು ವರ್ಷಗಳಲ್ಲಿ, ತುಸು ಕೆಳಗೆ ಸೋತವರ ಎರಡು ಪಟ್ಟಿಗಿಂತ ಹೆಚ್ಚು ಅನುದಾನ ಪಡೆದರೆಂದು 2018ರ ಇನ್ನೊಂದು ಅಧ್ಯಯನ ತೋರಿಸಿತು. ಸೋತವರಲ್ಲಿ ಹಲವರು ಮತ್ತೆ ಅರ್ಜಿಯನ್ನೇ ಹಾಕಲಿಲ್ಲ. ಬಂದರು, ನೋಡಿದರು, ಹೋದರು.

ಇನ್ನು ಕಾವ್ಯೋದ್ಯಮದ ಗಾತ್ರ. 2012ರ ಒಂದೇ ಸುತ್ತಿನಲ್ಲಿ ಆಸ್ಟ್ರೇಲಿಯಾದ ಆರೋಗ್ಯ ಸಂಶೋಧಕರು ತಮ್ಮ ರಾಷ್ಟ್ರೀಯ ಮಂಡಳಿಗೆ 3,727 ಅರ್ಜಿ ಬರೆದರು. ಅದಕ್ಕೆ ವ್ಯಯವಾದ ಸಮಯವನ್ನು ಕೂಡಿಸಿದರೆ ಐದು ಶತಮಾನಕ್ಕೂ ಹೆಚ್ಚು. ಐದರಲ್ಲಿ ನಾಲ್ಕು ತಿರಸ್ಕೃತ. ಪಂಪನಾದರೋ ‘ವಿಕ್ರಮಾರ್ಜುನ ವಿಜಯ’ವನ್ನು ಆರು ತಿಂಗಳಲ್ಲಿ, ‘ಆದಿಪುರಾಣ’ವನ್ನು ಮೂರು ತಿಂಗಳಲ್ಲಿ ಮುಗಿಸಿದ. ಅವನಿಗೆ ಓಪಿಡಿ ಇರಲಿಲ್ಲ.

7. ಉತ್ತರಕಾಂಡ

ಅನುದಾನ ಬಂತೆನ್ನಿ. ಕಾವ್ಯ ಮುಗಿದು ಶಾಸನಸಾಹಿತ್ಯ ಆರಂಭವಾಗುತ್ತದೆ. ಮೊದಲ ಕಂತು ಬಂದು ಕಾಲೇಜಿನ ಖಾತೆ ದಾಟುವಷ್ಟರಲ್ಲಿ ಅರ್ಧ ವರ್ಷ ಸಂದಿರುತ್ತದೆ. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲಿನಲ್ಲಿ ಡೀಪ್ ಫ್ರೀಜರ್ ಹುಡುಕುವಷ್ಟರಲ್ಲಿ ಮಾರ್ಚ್ 31. ಜಿಎಫ್‌ಆರ್ 12-ಎ ನಮೂನೆಯಲ್ಲಿ ಹಣಬಳಕೆಯ ಪ್ರಮಾಣಪತ್ರ (ಯುಸಿ) ಕೊಡದೆ ಮುಂದಿನ ಕಂತಿಲ್ಲ. ಮುಂದಿನ ಕಂತಿಲ್ಲದೆ ಜೆಆರ್‌ಎಫ್ ಹುಡುಗಿಗೆ ಸಂಬಳವಿಲ್ಲ. ಆಕೆ ಬ್ಯಾಂಕ್ ಪರೀಕ್ಷೆ ಬರೆದು ಹೋಗುತ್ತಾಳೆ. ಕರುಣರಸದ ಉತ್ಪತ್ತಿ ಇಲ್ಲಿ.

8. ಒಂದು ಆಕ್ಷೇಪ ಮತ್ತು ನಿರ್ಣಯ

ಪೂರ್ವಪಕ್ಷದವರು ಕೇಳಬಹುದು: ‘ಈ ಕಾವ್ಯದಲ್ಲಿ ರೋಗಿ ಎಲ್ಲಿ?’ ಪ್ರಶ್ನೆ ಅಪ್ರಸ್ತುತವಾದರೂ ಉತ್ತರಿಸುತ್ತೇವೆ. ಸಮುದ್ರವರ್ಣನೆಯಲ್ಲಿ ಆತ ಕೋಟಿಯೊಳಗೊಬ್ಬ. ವಿಧಾನದ ಭಾಗದಲ್ಲಿ ‘ಎನ್’ ಎಂಬ ಅಕ್ಷರ. ಸ್ವಂತ ರೂಪದಲ್ಲಿ ಅವನು ಬರುವುದು ಅನುಬಂಧದಲ್ಲಿ, ಎಥಿಕ್ಸ್ ಕಮಿಟಿ ಕೇಳಿದ್ದಕ್ಕಾಗಿ ಲಗತ್ತಿಸಿದ ಸಮ್ಮತಿಪತ್ರದಲ್ಲಿ. ಇಡೀ ಗ್ರಂಥದಲ್ಲಿ ಕನ್ನಡವಿರುವುದು ಆ ಎರಡು ಪುಟಗಳಲ್ಲಿ ಮಾತ್ರ. ಅವೂ ಅವನಿಗೆ ಅರ್ಥವಾಗುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಾನೆ.

ಪರಿಹಾರವಿಲ್ಲದೆ ಶಾಸ್ತ್ರ ಮುಗಿಯಬಾರದು. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ತನ್ನ ಎಕ್ಸ್‌ಪ್ಲೋರರ್ ಅನುದಾನಕ್ಕೆ ಚೀಟಿ ಎತ್ತುವ ಪದ್ಧತಿ ತಂದಿತು. ಆ ಪದ್ಧತಿಯಲ್ಲಿ ಅರ್ಜಿ ಅರ್ಹವೇ ಎಂದಷ್ಟೇ ಸಮಿತಿ ನೋಡುತ್ತದೆ. ಉಳಿದದ್ದು ಅದೃಷ್ಟದ ಪಾಲು. ನಮ್ಮಲ್ಲೂ ಅದೃಷ್ಟವೇ ಕೆಲಸ ಮಾಡುತ್ತಿದೆ, ನೂರು ಪುಟ ಬರೆಸಿಕೊಂಡ ಮೇಲೆ. ಆದಕಾರಣ ಆಶ್ರಯದಾತರಲ್ಲಿ ಬಿನ್ನಹ: ಅರ್ಜಿ ಐದು ಪುಟ ಮೀರದಿರಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆಗೂ ಒಂದು ಪಾಲು ಹಣ ಇರಲಿ. ಅರ್ಹರ ನಡುವೆ ಚೀಟಿ ಎತ್ತಿ. ಮಂಜೂರಾದ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಿ. ಹಾಗಾದರೆ ಚಂಪೂ ಪರಂಪರೆ ನಿಜವಾಗಿಯೂ ಅಳಿಯುತ್ತದೆ. ವೈದ್ಯರು ಸಂಶೋಧನೆ ಮಾಡುತ್ತಾರೆ.